ಹಾಡು ಹಾಕುವವರ ಕಸುಬು

ನಮ್ಮ ಕಡೆ ಜಾತ್ರೆಗೋ ಮದುವೆಗೋ ಮೈಕ್‌ಸೆಟ್ ತರಿಸುತ್ತಾರೆ. ಅದನ್ನು ತಂದವರು ಯಾರು, ಯಾವ ಹಾಡಿನ ನಂತರ ಯಾವ ಹಾಡು ಹಾಕಿದರು ಎಂಬುದು ಮರುದಿನ ಯಾರ ಬಾಯಲ್ಲೂ ಇರುವುದಿಲ್ಲ. ಬಾಡಿಗೆ ಚುಕ್ತಾ ಆದೊಡನೆ ಸಂಬಂಧ ಮುಗಿಯುತ್ತದೆ. ‘ಸೌಂಡ್ ಸಿಸ್ಟಮ್’ ಎಂಬ ಮಾತು ಕೇಳಿದಾಗ ಕನ್ನಡದ ಓದುಗರ ಕಣ್ಣ ಮುಂದೆ ಮೊದಲು ಬರುವುದು ಈ ಬಾಡಿಗೆಯ ಸಾಮಾನೇ. ಆದರೆ ಜಮೈಕಾದ ಕಿಂಗ್‌ಸ್ಟನ್ ನಗರದಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಎರಡನೆಯ ಮನೆ ಕಟ್ಟಿಕೊಂಡ ಸೌಂಡ್ ಸಿಸ್ಟಮ್ ಬೇರೆಯೇ ಬಗೆಯದು. ಅದನ್ನು ತಿಳಿಯಬೇಕಾದರೆ ಮೈಕ್‌ಸೆಟ್ಟನ್ನು ಬದಿಗಿಟ್ಟು ಯಕ್ಷಗಾನದ ಮೇಳವನ್ನು ನೆನೆಯುವುದು ಮೇಲು. ಮೇಳಕ್ಕೊಂದು ಹೆಸರಿರುತ್ತದೆ, ಯಜಮಾನರಿರುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಹೊಣೆಯಿರುತ್ತದೆ, ಊರಿಂದೂರಿಗೆ ಲಾರಿಯಲ್ಲಿ ಸಾಮಾನು ಹೋಗುತ್ತದೆ, ಇದೇ ಮೇಳದ ಆಟವಾಗಬೇಕೆಂದು ಹಟ ಹಿಡಿಯುವ ಅಭಿಮಾನಿಗಳೂ ಇರುತ್ತಾರೆ. ಇವೆಲ್ಲವೂ ಸೌಂಡ್ ಸಿಸ್ಟಮ್ಮಿಗೂ ಉಂಟು. ಹಾಡಿದವರು ಮಾತ್ರ ಸ್ಥಳದಲ್ಲಿರುವುದಿಲ್ಲ, ಅವರ ರೆಕಾರ್ಡುಗಳಿರುತ್ತವೆ. ಅದರೊಡನೆ ಬಾಳಿದವರು ‘ಸಿಸ್ಟಮ್’ ಎಂಬ ಮಾತನ್ನೂ ಬಿಟ್ಟು ಬರೀ ‘ಸೌಂಡ್’ ಎನ್ನುತ್ತಾರೆ.

2002ರಲ್ಲಿ ಬ್ರಿಟನ್ ನಾರ್ಮನ್ ಜೇ ಎಂಬ ಲಂಡನ್ನಿನ ಡಿಜೆಗೆ ಎಂ.ಬಿ.ಇ. ಎಂಬ ರಾಜಮನ್ನಣೆಯ ಗೌರವ ನೀಡಿತು. ಅವರು ಗಾಯಕರೆಂದೋ ವಾದ್ಯಗಾರರೆಂದೋ ಹೆಸರು ಮಾಡಿದವರಲ್ಲ. ಚಿಕ್ಕಂದಿನಿಂದ ಅಮೆರಿಕದ ಸೋಲ್ ಸಂಗೀತದ ರೆಕಾರ್ಡುಗಳನ್ನು ಕೂಡಿಹಾಕಿ, ಅವನ್ನು ತಮ್ಮ ಸೌಂಡಿನಲ್ಲಿ ಜನರಿಗೆ ಕೇಳಿಸುತ್ತ ಬಂದವರು. ಬೇರೆಯವರು ಹಾಡಿದ್ದನ್ನು ಹಾಕುವುದು ಅಷ್ಟು ದೊಡ್ಡ ಕಸುಬು ಹೇಗಾದೀತು ಎಂದು ಕೇಳುವವರಿಗೆ ಉತ್ತರ ಕೊಡಬೇಕಾದರೆ ಕಿಂಗ್‌ಸ್ಟನ್ನಿನ ಒಂದು ಹಾರ್ಡ್‌ವೇರ್ ಅಂಗಡಿಯಿಂದ ಹೊರಡಬೇಕಾಗುತ್ತದೆ.

ಅಂಗಡಿ ಟಾಮ್ ವಾಂಗ್ ಅವರದು. ಚೀನೀ ಮೂಲದ ಈ ಜಮೈಕನ್ ವ್ಯಾಪಾರಿ ಆಂಪ್ಲಿಫೈಯರು, ಸ್ಪೀಕರು, ಟರ್ನ್‌ಟೇಬಲ್ಲುಗಳನ್ನು ಜೋಡಿಸಿಕೊಂಡು ನೃತ್ಯಕೂಟಗಳನ್ನು ನಡೆಸತೊಡಗಿ, ತಮ್ಮ ಸೌಂಡಿಗೆ ‘ಟಾಮ್ ದಿ ಗ್ರೇಟ್ ಸೆಬಾಸ್ಟಿಯನ್’ ಎಂಬ ಸರ್ಕಸ್ಸಿನ ಗತ್ತಿನ ಹೆಸರಿಟ್ಟರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ರೇಡಾರ್ ವಿಭಾಗದಲ್ಲಿ ದುಡಿದು ಊರಿಗೆ ಮರಳಿದ್ದ ಹೆಡ್ಲಿ ಜೋನ್ಸ್ ಅವರಂಥ ತಂತ್ರಜ್ಞರು ಇಂಥ ಸೌಂಡುಗಳಿಗೆ ಆಂಪ್ಲಿಫೈಯರ್ ಕಟ್ಟಿಕೊಟ್ಟರು. 1950ರ ಹೊತ್ತಿಗೆ ಕಿಂಗ್‌ಸ್ಟನ್ನಿನ ಬಡವರ ಕೇರಿಗಳಲ್ಲಿ ಇದು ವಾರದ ಹಬ್ಬವಾಗಿತ್ತು. ವಾದ್ಯವೃಂದವನ್ನು ಕರೆಸುವುದು ದುಬಾರಿ, ಮನೆಯಲ್ಲಿ ರೇಡಿಯೊ ಇದ್ದವರು ವಿರಳ. ಬಯಲಲ್ಲಿ ಪೆಟ್ಟಿಗೆ ಪೇರಿಸಿ ಹಾಡು ಹಾಕಿದರೆ ಸಣ್ಣ ಮೊತ್ತದ ಟಿಕೆಟ್ಟಿಗೆ ನೂರಾರು ಜನ ಕುಣಿಯುತ್ತಿದ್ದರು, ಕುಣಿದವರಿಗೆ ಬಾಯಾರಿಕೆಯಾಗುತ್ತಿತ್ತು. ಈ ಬಾಯಾರಿಕೆಯ ಸಂಗತಿಯನ್ನು ಸಂಗೀತದ ಚರಿತ್ರೆ ಬರೆಯುವವರು ಅಡಿಟಿಪ್ಪಣಿಗೆ ತಳ್ಳುವುದುಂಟು, ನನಗೆ ಅದು ಮೊದಲ ಪುಟಕ್ಕೇ ಸಲ್ಲಬೇಕೆನಿಸುತ್ತದೆ. ಸೌಂಡಿನ ನಿಜವಾದ ಗಳಿಕೆ ಬಿಯರ್ ಮತ್ತು ರಮ್ಮಿನಿಂದ ಬರುತ್ತಿತ್ತು. ಮುಂದೆ ಈ ಲೋಕವನ್ನು ಆಳಿದ ಡ್ಯೂಕ್ ರೀಡ್ ಪೊಲೀಸ್ ಕೆಲಸ ಬಿಟ್ಟು ಹೆಂಡತಿಯೊಡನೆ ಮದ್ಯದಂಗಡಿ ನಡೆಸುತ್ತಿದ್ದವರು ಎಂಬುದು ಆಕಸ್ಮಿಕವಲ್ಲ.

ಡ್ಯೂಕ್ ರೀಡರ ಎದುರಾಳಿ ಕ್ಲೆಮೆಂಟ್ ಡಾಡ್. ಶಾಲೆಯಲ್ಲಿ ಒಳ್ಳೆಯ ಕ್ರಿಕೆಟ್ ಆಡುತ್ತಿದ್ದುದರಿಂದ ಯಾರ್ಕ್‌ಷೈರ್ ತಂಡದ ಅಲೆಕ್ ಕಾಕ್ಸನ್ ಅವರ ಹೆಸರು ಇವರಿಗೆ ಅಂಟಿಕೊಂಡು, ಕೊನೆಗೆ ಲೋಕವೆಲ್ಲ ಇವರನ್ನು ‘ಕಾಕ್ಸನ್’ ಎಂದೇ ಕರೆಯಿತು. ಕೃಷಿ ಕೂಲಿಯಾಗಿ ಅಮೆರಿಕದ ದಕ್ಷಿಣ ಸೀಮೆಗೆ ಹೋಗಿದ್ದ ಡಾಡ್ ಅಲ್ಲಿಂದ ರಿದಮ್ ಅಂಡ್ ಬ್ಲೂಸ್ ರೆಕಾರ್ಡುಗಳನ್ನು ತಂದರು. ಆಗಿನ ಕಿಂಗ್‌ಸ್ಟನ್ ಕುಣಿಯುತ್ತಿದ್ದುದು ಅಮೆರಿಕದ ಕರಿಯರ ಈ ಸಂಗೀತಕ್ಕೆ. ಮಯಾಮಿ, ನ್ಯೂ ಆರ್ಲಿಯನ್ಸ್ ಕಡೆಯ ರೇಡಿಯೊ ಕೇಂದ್ರಗಳು ರಾತ್ರಿ ಹೊತ್ತು ಸಮುದ್ರ ದಾಟಿ ಕೇಳಿಸುತ್ತಿದ್ದವು. ಎಲ್ಲರ ಬಳಿಯೂ ಒಂದೇ ಬಗೆಯ ಯಂತ್ರವಿದ್ದಾಗ ಗೆಲ್ಲುವುದು ಎದುರಾಳಿಯ ಬಳಿಯಿಲ್ಲದ ರೆಕಾರ್ಡಿನಿಂದ. ಆದ್ದರಿಂದ ಡಾಡ್ ತಮ್ಮ ರೆಕಾರ್ಡುಗಳ ನಡುವಿನ ಕಾಗದದ ಲೇಬಲ್ಲನ್ನು ಕೆರೆದುಹಾಕುತ್ತಿದ್ದರು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ವಿಲ್ಲಿಸ್ ಜಾಕ್ಸನ್ ಅವರ ಒಂದು ವಾದ್ಯಕೃತಿ ಹೀಗೆ ಹೆಸರು ಕಳೆದುಕೊಂಡು ‘ಕಾಕ್ಸನ್ ಹಾಪ್’ ಆಯಿತು. ಅದು ಯಾರ ಕೃತಿ ಎಂಬುದನ್ನು ಹುಡುಕುತ್ತ ಡ್ಯೂಕ್ ರೀಡ್ ವರ್ಷಗಳನ್ನೇ ಕಳೆದರು. ಕೊನೆಗೊಮ್ಮೆ ಅದನ್ನು ಪತ್ತೆಮಾಡಿ ತಮ್ಮ ಸೌಂಡಿನಲ್ಲಿ ಹಾಕಿದರು. ತಮ್ಮ ಗುಟ್ಟಿನ ರೆಕಾರ್ಡು ಶತ್ರುವಿನ ಪೆಟ್ಟಿಗೆಯಿಂದ ಮೊಳಗಿದ್ದನ್ನು ಕೇಳಿ ಡಾಡ್ ಅಲ್ಲೇ ಕುಸಿದರೆಂದು ಹಳಬರು ಹೇಳುತ್ತಿದ್ದರು.

1950ರ ದಶಕದ ಕೊನೆಗೆ ಅಮೆರಿಕದ ಅಭಿರುಚಿ ರಾಕ್ ಅಂಡ್ ರೋಲ್ ಕಡೆಗೆ ವಾಲಿದ್ದರಿಂದ ಕಿಂಗ್‌ಸ್ಟನ್ನಿನವರು ಬಯಸುತ್ತಿದ್ದ ಬಗೆಯ ಹೊಸ ರೆಕಾರ್ಡುಗಳು ಬರುವುದು ಕಡಿಮೆಯಾಯಿತು. ಆಗ ಸೌಂಡಿನ ಯಜಮಾನರು ಊರಿನ ವಾದ್ಯಗಾರರನ್ನೇ ಸ್ಟುಡಿಯೊಗೆ ಕರೆದೊಯ್ದು ಹಾಡು ಮುದ್ರಿಸಿಕೊಂಡರು. ಅದನ್ನು ಅಂಗಡಿಯಲ್ಲಿ ಮಾರಬೇಕೆಂಬ ಯೋಚನೆ ಮೊದಲಿಗೆ ಅವರಿಗಿರಲಿಲ್ಲ. ಬೇಕಾಗಿದ್ದುದು ಶನಿವಾರ ರಾತ್ರಿಯ ಕೂಟಕ್ಕೆ ಬೇರೆಯವರ ಬಳಿಯಿಲ್ಲದ ಒಂದು ತಟ್ಟೆ. ಇದರಿಂದ ಜಮೈಕಾದ್ದೇ ಆದ ಸಂಗೀತ ಪ್ರಕಾರಗಳು ಹುಟ್ಟಿದವು: ಮೊದಲು ಸ್ಕಾ, 1966ರ ಸುಮಾರಿಗೆ ರಾಕ್‌ಸ್ಟೆಡಿ, 1968ರ ಹೊತ್ತಿಗೆ ರೆಗೆ. ಡಾಡ್ 1963ರಲ್ಲಿ ಬ್ರೆಂಟ್‌ಫರ್ಡ್ ರಸ್ತೆಯಲ್ಲಿ ‘ಸ್ಟುಡಿಯೊ ಒನ್’ ತೆರೆದರು, ಡ್ಯೂಕ್ ರೀಡ್ ತಮ್ಮ ಮದ್ಯದಂಗಡಿಯ ಮಾಳಿಗೆಯ ಮೇಲೆಯೇ ಸ್ಟುಡಿಯೊ ಕಟ್ಟಿದರು. ಒಂದು ದೇಶದ ಸಂಗೀತವನ್ನು ಸಂಗೀತಗಾರರಿಗಿಂತ ಮೊದಲು ಹಾಡು ಹಾಕುವವರು ರೂಪಿಸಿದ ಉದಾಹರಣೆ ಇದರಷ್ಟು ಸ್ಪಷ್ಟವಾಗಿ ಬೇರೆಲ್ಲೂ ಸಿಗಲಾರದು.

ಇನ್ನು ಆ ಪೆಟ್ಟಿಗೆಗಳ ಮಾತು. ಸೌಂಡ್ ಸಿಸ್ಟಮ್ಮಿನ ಕೂಟಕ್ಕೆ ಮೊದಲ ಬಾರಿ ಹೋದವರೆಲ್ಲ ಹೇಳುವುದು ಒಂದೇ: ಸದ್ದು ಕಿವಿಗಿಂತ ಮೊದಲು ಎದೆಗೆ ತಾಕುತ್ತದೆ. ಇದರಲ್ಲಿ ಅತಿಶಯೋಕ್ತಿಯಿಲ್ಲ, ಭೌತಶಾಸ್ತ್ರವಿದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ವೇಗದಲ್ಲಿ ಸಾಗುತ್ತದೆ. ಸೆಕೆಂಡಿಗೆ 3000 ಸಲ ಕಂಪಿಸುವ ಸ್ವರದ ಅಲೆಯ ಉದ್ದ ಸುಮಾರು 11 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತಲೂ ಕಡಿಮೆ. ಆದರೆ 50 ಸಲ ಮಾತ್ರ ಕಂಪಿಸುವ ಬೇಸ್ ಸ್ವರದ ಅಲೆ ಸುಮಾರು 7 ಮೀಟರ್ ಉದ್ದವಿರುತ್ತದೆ, ಒಂದು ಬಸ್ಸಿನ ಮುಕ್ಕಾಲು ಪಾಲಿನಷ್ಟು. ಅಂಥ ಅಲೆಯನ್ನು ಎಬ್ಬಿಸಲು ಬಹಳಷ್ಟು ಗಾಳಿಯನ್ನು ಅಲುಗಿಸಬೇಕು. ಅದರ ಮೇಲೆ ನಮ್ಮ ಕಿವಿ ಮಂದ್ರದ ವಿಷಯದಲ್ಲಿ ಮಂದ: ಮನುಷ್ಯರ ಮಾತಿನ ಮಟ್ಟದ ಸ್ವರಗಳು ಸಣ್ಣ ಶಕ್ತಿಗೇ ಚೆನ್ನಾಗಿ ಕೇಳಿಸಿದರೆ, ಆಳದ ಸ್ವರವನ್ನು ಅಷ್ಟೇ ಜೋರಾಗಿ ಕೇಳಿಸಲು ಹಲವು ಪಟ್ಟು ಹೆಚ್ಚು ಶಕ್ತಿ ಬೇಕು. ಇದರ ಜೊತೆಗೆ ಇನ್ನೊಂದು ಕಠಿಣ ಲೆಕ್ಕವಿದೆ. ಸದ್ದನ್ನು 10 ಡೆಸಿಬೆಲ್ ಏರಿಸಬೇಕಾದರೆ ಶಕ್ತಿಯನ್ನು ಹತ್ತು ಪಟ್ಟು ಹೆಚ್ಚಿಸಬೇಕು, ಹಾಗೆ ಮಾಡಿದರೂ ಕಿವಿಗೆ ಅದು ಸುಮಾರು ಇಮ್ಮಡಿಯಷ್ಟೇ ಆದಂತೆ ಅನ್ನಿಸುತ್ತದೆ.

ಹಣವಿದ್ದವರಿಗೂ ಸುಲಭವಲ್ಲದ ಈ ಸಮಸ್ಯೆಯನ್ನು ಬಡ ಕೇರಿಯ ಬಡಗಿಗಳು ಮರದಿಂದ ಬಿಡಿಸಿದರು. ಬರಿಯ ಸ್ಪೀಕರು ತನಗೆ ಬಂದ ವಿದ್ಯುತ್ತಿನಲ್ಲಿ ನೂರಕ್ಕೆ ಕೆಲವೇ ಪಾಲನ್ನು ಸದ್ದಾಗಿ ಮಾರ್ಪಡಿಸುತ್ತದೆ; ಉಳಿದದ್ದು ಶಾಖವಾಗಿ ಹೋಗುತ್ತದೆ. ಕಹಳೆಯ ಬಾಯಿ ಅಗಲವಾಗುತ್ತ ಹೋಗುವುದರಿಂದ ಸಣ್ಣ ಉಸಿರೂ ಊರಿಗೆಲ್ಲ ಕೇಳಿಸುವಂತೆ, ಸ್ಪೀಕರಿನ ಮುಂದೆಯೋ ಹಿಂದೆಯೋ ಅಗಲವಾಗುತ್ತ ಹೋಗುವ ಒಂದು ದಾರಿ ಕಟ್ಟಿದರೆ ಅದೇ ಶಕ್ತಿಯಿಂದ ಹೆಚ್ಚು ಸದ್ದು ಹೊರಡುತ್ತದೆ. ಬೇಸ್ ಅಲೆಗೆ ಬೇಕಾದ ಕಹಳೆ ನೇರವಾಗಿದ್ದರೆ ಬೀದಿಯಲ್ಲೇ ಹಿಡಿಸದು. ಹಾಗಾಗಿ ಅದನ್ನು ಪ್ಲೈವುಡ್ ಪೆಟ್ಟಿಗೆಯೊಳಗೆ ಮಡಿಚಿ ಇಡುತ್ತಾರೆ. ಬ್ರಿಟನ್ನಿನಲ್ಲಿ ‘ಸ್ಕೂಪ್’ ಎಂದು ಹೆಸರಾದ, ಒಳಗೆ ಬಾಗಿದ ಹಲಗೆಯಿರುವ ಪೆಟ್ಟಿಗೆ ಇದೇ. ಅದರೊಳಗೆ 18 ಇಂಚಿನ ಸ್ಪೀಕರು ಕೂತಿರುತ್ತದೆ. ಇಂಥ ಪೆಟ್ಟಿಗೆಗಳನ್ನು ಒಂದರ ಪಕ್ಕ ಒಂದು, ಒಂದರ ಮೇಲೊಂದು ಪೇರಿಸಿದಾಗ ಅವು ಕೂಡಿ ಇನ್ನೂ ದೊಡ್ಡ ಬಾಯಿಯಂತೆ ವರ್ತಿಸುತ್ತವೆ. ಸೌಂಡ್ ಸಿಸ್ಟಮ್ಮಿನವರು ಪೆಟ್ಟಿಗೆಗಳ ಗೋಡೆ ಕಟ್ಟುವುದು ಬಡಾಯಿಗಾಗಿ ಎಂದುಕೊಂಡರೆ ತಪ್ಪಾಗುತ್ತದೆ, ಬಡಾಯಿಯೂ ಸ್ವಲ್ಪ ಇದ್ದೇ ಇದೆ ಎನ್ನಿ.

ನಮ್ಮ ಸಂಗೀತದಲ್ಲಿ ಮಂದ್ರ, ಮಧ್ಯ, ತಾರ ಎಂದು ಮೂರು ಸ್ಥಾಯಿಗಳಿರುವಂತೆ ಸೌಂಡಿನ ಗೋಡೆಯಲ್ಲಿಯೂ ಬೇಸ್, ಮಿಡ್, ಟಾಪ್ ಎಂದು ಮೂರು ಅಂತಸ್ತುಗಳಿರುತ್ತವೆ. ಕೆಲವರು ನಾಲ್ಕೈದು ಭಾಗಗಳಾಗಿಯೂ ಒಡೆಯುತ್ತಾರೆ. ಒಂದೊಂದಕ್ಕೂ ಬೇರೆ ಆಂಪ್ಲಿಫೈಯರು, ಬೇರೆ ಪೆಟ್ಟಿಗೆ. ರೆಕಾರ್ಡಿನ ಸದ್ದನ್ನು ಹೀಗೆ ಪಾಲು ಮಾಡುವ ಉಪಕರಣ ಪ್ರಿಆಂಪ್. ಅದನ್ನು ಎಷ್ಟೋ ಸೌಂಡುಗಳು ತಮಗಾಗಿಯೇ ಕಟ್ಟಿಸಿಕೊಂಡಿರುತ್ತವೆ, ಅದರ ಒಳಗಿನ ನಕ್ಷೆಯನ್ನು ಯಾರಿಗೂ ತೋರಿಸುವುದಿಲ್ಲ. ಹಾಡು ಓಡುತ್ತಿರುವಾಗಲೇ ಬೇಸನ್ನು ಪೂರ್ತಿ ಕಡಿದು, ಕೇಳುಗರನ್ನು ಕೆಲವು ಆವರ್ತ ಬರೀ ತಾರದ ತೆಳುವಿನಲ್ಲಿ ತೂಗಾಡಿಸಿ, ಮತ್ತೆ ಒಮ್ಮೆಗೇ ನೆಲದಿಂದ ಬೇಸನ್ನು ಎಬ್ಬಿಸುವುದು ಈ ಉಪಕರಣದ ಕೆಲಸ. ಅಲ್ಲಿಗೆ ಸೌಂಡ್ ಸಿಸ್ಟಮ್ ರೆಕಾರ್ಡನ್ನು ಕೇಳಿಸುವ ಸಾಧನವಾಗಿ ಉಳಿಯದೆ, ರೆಕಾರ್ಡನ್ನೇ ಸ್ವರಗಳಂತೆ ನುಡಿಸುವ ವಾದ್ಯವಾಗುತ್ತದೆ. ಈ ಲೇಖನದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇದು. ಮುಂದಿನದೆಲ್ಲ ಈ ವಾದ್ಯವನ್ನು ಯಾರು, ಎಲ್ಲಿ, ಯಾಕೆ ನುಡಿಸಿದರು ಎಂಬುದರ ವಿವರ.

ನುಡಿಸುವ ತಂಡದಲ್ಲಿ ಯಾವ ರೆಕಾರ್ಡಿನ ಬಳಿಕ ಯಾವುದು ಎಂದು ನಿರ್ಧರಿಸುವವರು ಸೆಲೆಕ್ಟರ್, ಪ್ರಿಆಂಪಿನ ಗುಂಡಿಗಳನ್ನು ತಿರುಗಿಸುವವರು ಆಪರೇಟರ್, ಮೈಕು ಹಿಡಿದು ಪದ ಕಟ್ಟಿ ಹೇಳುವವರು ಡೀಜೇ. ಇಲ್ಲಿ ಒಂದು ಗೊಂದಲವಿದೆ: ಉಳಿದ ಲೋಕದಲ್ಲಿ ಡಿಜೆ ಎಂದರೆ ರೆಕಾರ್ಡು ಹಾಕುವವರು, ಜಮೈಕಾದಲ್ಲಿ ಡೀಜೇ ಎಂದರೆ ಮಾತನಾಡುವವರು. ಟಾಮ್ ವಾಂಗ್ ಅವರ ಸೌಂಡಿನಲ್ಲಿದ್ದ ಕೌಂಟ್ ಮಚೂಕಿ ಹಾಡಿನ ಸಂದುಗಳಲ್ಲಿ ಚಟಾಕಿ ಹಾರಿಸಿ ಆರಂಭಿಸಿದ ಈ ಕಲೆ, 1970ರಲ್ಲಿ ಯು-ರಾಯ್ ಅವರ ಹೊತ್ತಿಗೆ ರೆಕಾರ್ಡುಗಳಾಗಿ ಮಾರಾಟವಾಗುವಷ್ಟು ಬೆಳೆದಿತ್ತು. ಅಷ್ಟರಲ್ಲಿ ಇನ್ನೊಂದು ಘಟನೆ ನಡೆದಿತ್ತು. 1960ರ ದಶಕದ ಕೊನೆಯಲ್ಲಿ ಸ್ಪ್ಯಾನಿಷ್ ಟೌನಿನ ರಡ್ಡಿ ರೆಡ್‌ವುಡ್ ಎಂಬ ಯಜಮಾನರಿಗಾಗಿ ಡ್ಯೂಕ್ ರೀಡರ ಸ್ಟುಡಿಯೊದಲ್ಲಿ ಒಂದು ತಟ್ಟೆ ಕೊರೆಯುವಾಗ ಎಂಜಿನಿಯರು ಕಂಠದ ಪಾಲನ್ನು ಸೇರಿಸಲು ಮರೆತರು. ರೆಡ್‌ವುಡ್ ಅದನ್ನು ಹಾಗೆಯೇ ಕೂಟಕ್ಕೆ ಒಯ್ದು ಹಾಕಿದಾಗ, ಹಾಡುಗಾರರಿಲ್ಲದ ಜಾಗವನ್ನು ಕೂಡಿದ್ದ ಜನವೇ ಹಾಡಿ ತುಂಬಿತು. ‘ವರ್ಷನ್’ ಎಂಬ ಪ್ರಕಾರ ಬೆಳೆದದ್ದು ಹಾಗೆ. ರೇಡಿಯೊ ರಿಪೇರಿ ಮಾಡುತ್ತ, ಟ್ರಾನ್ಸ್‌ಫಾರ್ಮರ್ ಸುತ್ತುತ್ತ ತಮ್ಮದೇ ಸೌಂಡ್ ಕಟ್ಟಿದ್ದ ಆಸ್ಬರ್ನ್ ರಡಕ್, ಅಂದರೆ ಕಿಂಗ್ ಟಬ್ಬಿ, ಆ ಖಾಲಿ ಜಾಗಕ್ಕೆ ಪ್ರತಿಧ್ವನಿಯನ್ನೂ ಮೌನವನ್ನೂ ಸುರಿದು ‘ಡಬ್’ ಮಾಡಿದರು. ಇಂದು ಯಾವ ಹಾಡಿಗಾದರೂ ‘ರೀಮಿಕ್ಸ್’ ಬಂದಾಗ ಅದರ ಬೇರು ಕಿಂಗ್‌ಸ್ಟನ್ನಿನಲ್ಲಿ ಟಬ್ಬಿ ಕೆಲಸ ಮಾಡುತ್ತಿದ್ದ ಸಣ್ಣ ಕೋಣೆಯವರೆಗೂ ಹೋಗುತ್ತದೆ.

ಎಂಪೈರ್ ವಿಂಡ್‌ರಷ್ ಹಡಗು 1948ರ ಜೂನ್‌ನಲ್ಲಿ ಟಿಲ್ಬರಿ ಬಂದರಿಗೆ ಬಂದ ಮೇಲೆ ಕೆರಿಬಿಯನ್ ದ್ವೀಪಗಳಿಂದ ಬ್ರಿಟನ್ನಿಗೆ ವಲಸೆ ಹೆಚ್ಚಿತು. 1954ರಲ್ಲಿ ಹಡಗಿನಲ್ಲಿ ಕದ್ದು ಕುಳಿತು ಬಂದವರಲ್ಲಿ ಇಬ್ಬರು ಹಳೆಯ ಗೆಳೆಯರಿದ್ದರು: ಡ್ಯೂಕ್ ವಿನ್ ಮತ್ತು ಕೌಂಟ್ ಸಕಲ್. ಮರುವರ್ಷವೇ ಡ್ಯೂಕ್ ವಿನ್ ಪಶ್ಚಿಮ ಲಂಡನ್ನಿನ ಲ್ಯಾಡ್‌ಬ್ರೋಕ್ ಗ್ರೋವ್ ಭಾಗದಲ್ಲಿ ಸೌಂಡ್ ಕಟ್ಟಿದರು. ಬ್ರಿಟನ್ನಿನ ಮೊದಲ ಸೌಂಡ್ ಸಿಸ್ಟಮ್ ಅದೇ ಎಂದು ಹೇಳುತ್ತಾರೆ. ಆಗ ಕಪ್ಪು ಚರ್ಮದವರಿಗೆ ಪಬ್ಬು, ಕ್ಲಬ್ಬು, ಬಾಡಿಗೆ ಮನೆಗಳನ್ನು ನಿರಾಕರಿಸುವುದು ಕಾನೂನುಬಾಹಿರವಾಗಿರಲಿಲ್ಲ. ಸಾರ್ವಜನಿಕ ಸ್ಥಳಗಳ ಮಟ್ಟಿಗೆ ಅದನ್ನು ನಿಷೇಧಿಸಿದ ಮೊದಲ ಕಾಯಿದೆ ಬಂದದ್ದು 1965ರಲ್ಲಿ, ಮನೆ ಮತ್ತು ಕೆಲಸದ ವಿಷಯದಲ್ಲಿ 1968ರಲ್ಲಿ. ಹೋಗಲು ಜಾಗವಿಲ್ಲದವರು ಮನೆಯ ನೆಲಮಾಳಿಗೆಯಲ್ಲೇ ಕೂಟ ನಡೆಸಿದರು. ಇದಕ್ಕೆ ‘ಬ್ಲೂಸ್’ ಎನ್ನುತ್ತಿದ್ದರು: ಬಾಗಿಲಲ್ಲಿ ಸಣ್ಣ ಪ್ರವೇಶಧನ, ಅಡುಗೆಮನೆಯಲ್ಲಿ ಆಡಿನ ಮಾಂಸದ ಸಾರು, ಕತ್ತಲ ಕೋಣೆಯಲ್ಲಿ ಬೀರುವಿನಷ್ಟು ದೊಡ್ಡ ಪೆಟ್ಟಿಗೆಗಳು. ಆಡಿನ ಸಾರಿಗೆ ಅವರು ಹೇಳುವ ಹೆಸರಿನಲ್ಲಿ ‘ಕರಿ’ ಎಂಬ ಮಾತಿದೆ. ಭಾರತದಿಂದ ಜೀತದ ಕರಾರಿನ ಮೇಲೆ ಕೆರಿಬಿಯನ್ನಿಗೆ ಹೋದ ಕೂಲಿಗಳ ಒಗ್ಗರಣೆ ಹೀಗೆ ಲಂಡನ್ನಿನ ನೆಲಮಾಳಿಗೆಯನ್ನೂ ತಲುಪಿತ್ತು.

ಇಲ್ಲಿ ಸೋಲ್ ಸಂಗೀತ ಪ್ರವೇಶಿಸುತ್ತದೆ. ಅಮೆರಿಕದ ಕರಿಯರ ಚರ್ಚುಗಳಲ್ಲಿ ಗಾಸ್ಪೆಲ್ ಹಾಡುವ ಕ್ರಮ ನಮ್ಮ ಭಜನೆಯ ಕ್ರಮಕ್ಕೆ ದೂರವಲ್ಲ: ಒಬ್ಬರು ಎತ್ತಿಕೊಡುತ್ತಾರೆ, ಮೇಳ ಓಗೊಡುತ್ತದೆ, ಆವೇಶ ಏರಿದಂತೆ ಸಾಹಿತ್ಯ ಕರಗಿ ಕೂಗಾಗುತ್ತದೆ. ಈ ಧಾಟಿಯನ್ನೇ ಇಟ್ಟುಕೊಂಡು ದೇವರ ಜಾಗದಲ್ಲಿ ಪ್ರಿಯತಮೆಯನ್ನು ಕೂರಿಸಿದರೆ ಆಗುವುದು ಸೋಲ್. 1954ರಲ್ಲಿ ರೇ ಚಾರ್ಲ್ಸ್ ಒಂದು ಗಾಸ್ಪೆಲ್ ಹಾಡಿನ ಮಟ್ಟಿನ ಮೇಲೆ ಪ್ರೇಮಗೀತೆ ಹಾಡಿದಾಗ ಚರ್ಚಿನವರು ಸಿಡಿದೆದ್ದದ್ದು ಸಹಜವೇ. 1959ರಲ್ಲಿ ಬೆರ್ರಿ ಗಾರ್ಡಿ ಮನೆಯವರಿಂದ 800 ಡಾಲರ್ ಸಾಲ ಪಡೆದು ಡೆಟ್ರಾಯ್ಟ್‌ನಲ್ಲಿ ಆರಂಭಿಸಿದ ಮೋಟೌನ್ ಕಂಪನಿ ಇದಕ್ಕೆ ನಯಗಾರಿಕೆ ತಂದಿತು. ಮೆಂಫಿಸ್‌ನಲ್ಲಿ ಹಳೆಯ ಚಿತ್ರಮಂದಿರವೊಂದರಲ್ಲಿ ಸ್ಟುಡಿಯೊ ನಡೆಸುತ್ತಿದ್ದ ಸ್ಟ್ಯಾಕ್ಸ್ ಕಂಪನಿ ಒರಟನ್ನು ಉಳಿಸಿಕೊಂಡಿತು. ಷಿಕಾಗೊದ ಕರ್ಟಿಸ್ ಮೇಫೀಲ್ಡ್ ಮತ್ತು ಇಂಪ್ರೆಷನ್ಸ್ ತಂಡದ ಮೂರು ಕಂಠಗಳ ಹೆಣಿಗೆಯನ್ನು ಜಮೈಕಾದ ಹಾಡುಗಾರರು ಭಕ್ತಿಯಿಂದ ಅನುಸರಿಸಿದರು. ರಾಕ್‌ಸ್ಟೆಡಿಯ ಮಾಧುರ್ಯದಲ್ಲಿ ಅರ್ಧ ಪಾಲು ಸೋಲ್‌ನದೇ.

ಸಂಗೀತದ ಒಳಗಿನ ವ್ಯತ್ಯಾಸವನ್ನೂ ಗಮನಿಸಬೇಕು. ನಾಲ್ಕು ಎಣಿಕೆಯ ಆವರ್ತದಲ್ಲಿ ಸೋಲ್ ಎರಡು ಮತ್ತು ನಾಲ್ಕನೆಯ ಎಣಿಕೆಗೆ ಚಪ್ಪಾಳೆ ತಟ್ಟುತ್ತದೆ. ರೆಗೆಯ ಪ್ರಸಿದ್ಧ ‘ಒನ್ ಡ್ರಾಪ್’ ನಡೆಯಾದರೋ ಮೊದಲ ಎಣಿಕೆಯನ್ನು ಖಾಲಿ ಬಿಟ್ಟು ಮೂರನೆಯದರ ಮೇಲೆ ಭಾರ ಹಾಕುತ್ತದೆ. ಒಂದು ಮುಂದಕ್ಕೆ ತಳ್ಳುತ್ತದೆ, ಇನ್ನೊಂದು ಹಿಂದಕ್ಕೆ ವಾಲುತ್ತದೆ. ರೆಗೆಗಾಗಿ ಕಟ್ಟಿದ ಪೆಟ್ಟಿಗೆಯಲ್ಲಿ ಸೋಲ್ ಹಾಕಿದರೆ ಏನಾಗುತ್ತದೆ ಎಂಬುದು ಸ್ವಾರಸ್ಯದ ಪ್ರಶ್ನೆ. ಮೋಟೌನ್ ತನ್ನ ಹಾಡುಗಳನ್ನು ಕಾರಿನ ರೇಡಿಯೊದಂಥ ಸಣ್ಣ ಸ್ಪೀಕರಿನಲ್ಲಿ ಕೇಳಿ ನೋಡಿಯೇ ಒಪ್ಪಿಗೆ ಕೊಡುತ್ತಿತ್ತು, ಏಕೆಂದರೆ ಕೊಳ್ಳುವವರು ಅವನ್ನು ಕೇಳುತ್ತಿದ್ದುದೇ ಅಲ್ಲಿ. ಆದರೆ ಅದೇ ರೆಕಾರ್ಡಿನ ಗೆರೆಯೊಳಗೆ ಜೇಮ್ಸ್ ಜೇಮರ್ಸನ್ ಅವರ ಬೇಸ್ ಗಿಟಾರ್ ಹಾಡುಗಾರರಿಗೆ ಸಮನಾಗಿ ಇನ್ನೊಂದು ರಾಗವನ್ನೇ ಹಾಡುತ್ತಿರುತ್ತದೆ. 18 ಇಂಚಿನ ಸ್ಪೀಕರುಗಳ ಸಾಲಿನ ಮುಂದೆ ನಿಂತಾಗ, ಇಪ್ಪತ್ತು ವರ್ಷ ಕೇಳಿದ ಹಾಡಿನಲ್ಲಿ ಅಷ್ಟು ವರ್ಷವೂ ಕೇಳಿಸದಿದ್ದ ಒಬ್ಬ ಮನುಷ್ಯ ಎದ್ದು ನಿಲ್ಲುತ್ತಾನೆ.

ಲಂಡನ್ನಿನಲ್ಲಿ ಹುಟ್ಟಿದ ಎರಡನೆಯ ತಲೆಮಾರಿಗೆ ಸೋಲ್ ಮತ್ತು ರೆಗೆ ಎರಡು ಬಣಗಳಾಗಿದ್ದವು. 1970ರ ದಶಕದಲ್ಲಿ ಸೌಂಡ್ ಸಿಸ್ಟಮ್ ಎಂದರೆ ರೆಗೆ, ಸೋಲ್ ಎಂದರೆ ನಗರದ ನಡುವಿನ ಕ್ಲಬ್ಬು. ಅದೇ ಕ್ಲಬ್ಬುಗಳ ಬಾಗಿಲಲ್ಲಿ ಕರಿಯ ಹುಡುಗರನ್ನು ಲೆಕ್ಕ ಹಾಕಿ ಒಳಗೆ ಬಿಡುತ್ತಿದ್ದರು. ಕರಿಯರ ಸಂಗೀತ ಒಳಗೆ, ಕರಿಯರು ಹೊರಗೆ. ಗ್ರೆನಾಡಾದಿಂದ ಬಂದ ತಂದೆತಾಯಿಯ ಮಗನಾಗಿ 1957ರಲ್ಲಿ ಪಶ್ಚಿಮ ಲಂಡನ್ನಿನಲ್ಲಿ ಹುಟ್ಟಿದ ನಾರ್ಮನ್ ಜೇ ಈ ಸಂದಿನಲ್ಲಿ ಬೆಳೆದವರು. ಅವರ ತಮ್ಮ ಜೋಯಿಯ ಒಲವು ರೆಗೆಯ ಕಡೆಗೆ, ಮನೆಯ ಸೌಂಡಿನ ಹೆಸರು ‘ಗ್ರೇಟ್ ಟ್ರಿಬ್ಯುಲೇಷನ್’, ಅಂದರೆ ಮಹಾಸಂಕಟ. ನಾರ್ಮನ್ ನ್ಯೂಯಾರ್ಕಿಗೆ ಹೋಗಿ ಅಲ್ಲಿ ಬೀದಿಯನ್ನೇ ಅಂಗಳ ಮಾಡಿಕೊಂಡು ಸೋಲ್, ಫಂಕ್, ಡಿಸ್ಕೊ ಹಾಕಿ ಕುಣಿಯುವ ಕೂಟಗಳನ್ನು ಕಂಡು ಮರಳಿದ ಮೇಲೆ, 1980ರ ಸುಮಾರಿಗೆ ಅದು ‘ಗುಡ್ ಟೈಮ್ಸ್’ ಆಯಿತು. ಸಂಕಟದಿಂದ ಸುಖದ ಕಾಲಕ್ಕೆ ಆದ ಈ ನಾಮಾಂತರ ತಮಾಷೆಯಂತೆ ಕಂಡರೂ ಅದರ ಹಿಂದೆ ಒಂದು ನಿಲುವಿತ್ತು: ಬಾಗಿಲು ಕಾಯುವವನಿಲ್ಲದ ಕಡೆ, ತೆರೆದ ಬೀದಿಯಲ್ಲಿ, ರೆಗೆಯ ಪೆಟ್ಟಿಗೆಗಳಲ್ಲಿ ಸೋಲ್ ಹಾಕುವುದು.

ಆ ತೆರೆದ ಬೀದಿ ಪಶ್ಚಿಮ ಲಂಡನ್ನಿನ ನಾಟಿಂಗ್ ಹಿಲ್ ಕಾರ್ನಿವಲ್‌ನದು. 1958ರ ಜನಾಂಗೀಯ ಗಲಭೆಯ ನಂತರ ಟ್ರಿನಿಡಾಡಿನ ಪತ್ರಕರ್ತೆ ಕ್ಲಾಡಿಯಾ ಜೋನ್ಸ್ 1959ರಲ್ಲಿ ಸಭಾಂಗಣದಲ್ಲಿ ನಡೆಸಿದ ಉತ್ಸವ, 1966ರಲ್ಲಿ ರಾನ್ ಲ್ಯಾಸ್ಲೆಟ್ ಅವರು ಬೀದಿಯ ಮಕ್ಕಳಿಗಾಗಿ ಮಾಡಿದ ಮೇಳ, ಇವೆರಡೂ ಅದರ ಬೇರುಗಳು. ಟ್ರಿನಿಡಾಡಿನ ಪದ್ಧತಿಯಂತೆ ಅದು ಸ್ಟೀಲ್ ಡ್ರಮ್ಮುಗಳ, ವೇಷಗಳ ಮೆರವಣಿಗೆ. 1973ರಲ್ಲಿ ಲೆಸ್ಲಿ ಪಾಮರ್ ಜಮೈಕಾದ ಸೌಂಡ್ ಸಿಸ್ಟಮ್ಮುಗಳನ್ನೂ ಕರೆದು ಬೀದಿಬದಿಯಲ್ಲಿ ಜಾಗ ಕೊಟ್ಟದ್ದರಿಂದ ಲಂಡನ್ನಿನಲ್ಲೇ ಹುಟ್ಟಿದ ಯುವಕರು ಸಾವಿರಗಟ್ಟಲೆ ಬಂದರು. 1976ರಲ್ಲಿ ಪೊಲೀಸರಿಗೂ ಯುವಕರಿಗೂ ದೊಡ್ಡ ಘರ್ಷಣೆಯೇ ಆಯಿತು. ರೆಗೆಯ ಗೋಡೆಗಳ ನಡುವೆ ಗುಡ್ ಟೈಮ್ಸ್ ಸೋಲ್ ಹಾಕತೊಡಗಿದಾಗ ಇದೇನು ಇಲ್ಲಿ ಎಂದು ಹುಬ್ಬೇರಿಸಿದವರಿದ್ದರು. ವರ್ಷಗಳು ಕಳೆದಂತೆ ಅದರ ಮುಂದೆ ಕರಿಯರೂ ಬಿಳಿಯರೂ ಒಟ್ಟಿಗೆ ಕುಣಿಯುವ ಜಾತ್ರೆ ನೆರೆಯಿತು, 2013ರವರೆಗೂ ನೆರೆಯುತ್ತಿತ್ತು.

ನಾರ್ಮನ್ ಜೇ ಅವರ ಇನ್ನೊಂದು ಕೊಡುಗೆ ಎರಡು ಪದಗಳದು: ‘ರೇರ್ ಗ್ರೂವ್’. 1985ರಲ್ಲಿ ಪರವಾನಗಿಯಿಲ್ಲದೆ ಪ್ರಸಾರ ಆರಂಭಿಸಿದ ಕಿಸ್ ಎಫ್‌ಎಂ ಎಂಬ ಕಳ್ಳ ರೇಡಿಯೊದಲ್ಲಿ ಅವರು ಈ ಹೆಸರಿನ ಕಾರ್ಯಕ್ರಮ ನಡೆಸಿದರು. ಅಮೆರಿಕದಲ್ಲಿ 1970ರ ದಶಕದಲ್ಲಿ ಬಂದು, ಮಾರಾಟವಾಗದೆ, ಕಂಪನಿಗಳೇ ಮರೆತುಬಿಟ್ಟಿದ್ದ ಸೋಲ್ ಮತ್ತು ಫಂಕ್ ರೆಕಾರ್ಡುಗಳನ್ನು ಹೆಕ್ಕಿ ತಂದು ಹೊಸ ಹಾಡುಗಳಂತೆ ಕೇಳಿಸುವುದು ಅದರ ಕ್ರಮ. ಲಂಡನ್ನಿನ ಖಾಲಿ ಗೋದಾಮುಗಳ ರಾತ್ರಿಕೂಟಗಳಲ್ಲಿ ಅವು ಎಷ್ಟು ಹಬ್ಬಿದವೆಂದರೆ ಕಂಪನಿಗಳು ಹಳೆಯ ಹಾಡುಗಳನ್ನು ಮತ್ತೆ ಅಚ್ಚು ಹಾಕಬೇಕಾಯಿತು. 1990ರಲ್ಲಿ ಕಿಸ್ ಎಫ್‌ಎಂ ಪರವಾನಗಿ ಪಡೆದು ಅಧಿಕೃತ ಕೇಂದ್ರವಾಯಿತು.

ಇಂಗ್ಲೆಂಡಿನ ಉತ್ತರದಲ್ಲಿ, ಕೆರಿಬಿಯನ್ ನಂಟಿಲ್ಲದ ಬಿಳಿಯ ಕಾರ್ಮಿಕರ ಊರುಗಳಲ್ಲಿ, ಇದಕ್ಕೂ ಮೊದಲೇ ಇಂಥದೇ ಹುಚ್ಚು ಹರಡಿತ್ತು ಎಂಬುದನ್ನು ಬಿಡುವಂತಿಲ್ಲ. 1973ರಿಂದ 1981ರವರೆಗೆ ವಿಗನ್ ಕ್ಯಾಸಿನೊ ಎಂಬ ನೃತ್ಯಮಂದಿರದಲ್ಲಿ ಮದ್ಯವಿಲ್ಲದೆ ಬೆಳಗಿನವರೆಗೆ ಕುಣಿಯುತ್ತಿದ್ದವರಿಗೆ ಬೇಕಾಗಿದ್ದುದು 1960ರ ದಶಕದ, ಯಾರೂ ಕೇಳಿರದ ಸೋಲ್ ಹಾಡುಗಳು. ‘ನಾರ್ದರ್ನ್ ಸೋಲ್’ ಎಂಬ ಹೆಸರು ಕೊಟ್ಟವರು ಲಂಡನ್ನಿನ ಅಂಗಡಿಕಾರ ಮತ್ತು ಬರಹಗಾರ ಡೇವ್ ಗಾಡಿನ್. ಅಲ್ಲಿನ ಡಿಜೆಗಳು ಲೇಬಲ್ಲಿನ ಮೇಲೆ ಕಾಗದ ಅಂಟಿಸಿ ಸುಳ್ಳು ಹೆಸರು ಬರೆಯುತ್ತಿದ್ದರು. ಕಾಕ್ಸನ್ ಅವರ ಉಪಾಯವನ್ನು ಇವರು ಸ್ವತಂತ್ರವಾಗಿ ಮರುಶೋಧಿಸಿದ್ದರು. ಫ್ರಾಂಕ್ ವಿಲ್ಸನ್ 1965ರಲ್ಲಿ ಮೋಟೌನ್‌ಗಾಗಿ ಹಾಡಿದ ಒಂದು ಹಾಡು ಬಿಡುಗಡೆಯಾಗಲೇ ಇಲ್ಲ, ಅಚ್ಚಾದ ಪ್ರತಿಗಳನ್ನು ಕಂಪನಿ ನಾಶಮಾಡಿತು, ವಿಲ್ಸನ್ ಹಾಡುವುದನ್ನು ಬಿಟ್ಟು ನಿರ್ಮಾಪಕರಾದರು. ಉಳಿದುಕೊಂಡ ಒಂದು ಪ್ರತಿ ಬೇರೆ ಗಾಯಕನ ಹೆಸರಿನಲ್ಲಿ ವಿಗನ್ನಿನಲ್ಲಿ ಮೊಳಗಿ ಪ್ರಸಿದ್ಧವಾಯಿತು. 2009ರಲ್ಲಿ ಅದರ ಒಂದು ಪ್ರತಿ 25,742 ಪೌಂಡಿಗೆ ಮಾರಾಟವಾಯಿತು. ಸಂಗ್ರಹದ ಹುಚ್ಚು ಸಂಗೀತವನ್ನು ಷೇರಿನಂತೆ ಕಾಣುವ ಹಂತಕ್ಕೆ ಇಲ್ಲಿ ತಲುಪಿತು ಎನ್ನುವುದು ನನ್ನ ತಕರಾರು. ಆದರೆ ಹಾಡಿದವರೂ ಮಾರಿದವರೂ ಕೈಬಿಟ್ಟ ಒಂದು ಹಾಡನ್ನು ಬದುಕಿಸಿದ್ದು ಅದೇ ಹುಚ್ಚು ಎಂಬುದನ್ನೂ ಒಪ್ಪಬೇಕು.

ಪೆಟ್ಟಿಗೆಯೂ ಸೋಲ್ ಸಂಗೀತವೂ ಕೂಡಿದ ಮೇಲೆ ಹೊಸ ಸಂಗೀತ ಹುಟ್ಟದೆ ಇರಲಿಲ್ಲ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಕಿಂಗ್‌ಸ್ಟನ್ನಿನಿಂದ ಬಾಲಕನಾಗಿ ಬಂದಿದ್ದ ಕೂಲ್ ಹರ್ಕ್ ಜಮೈಕಾದ ಮಾದರಿಯ ದೊಡ್ಡ ಸ್ಪೀಕರುಗಳಲ್ಲಿ ಅಮೆರಿಕದ ಫಂಕ್ ಹಾಕಿದ ಕೂಟದಿಂದ ಹಿಪ್-ಹಾಪ್‌ನ ಜನ್ಮದಿನವನ್ನು ಎಣಿಸುತ್ತಾರೆ. 1975ರಲ್ಲಿ ಲಂಡನ್ನಿನ ಸೌಂಡ್ ಯಜಮಾನ ಲಾಯ್ಡ್ ಕಾಕ್ಸನ್ (ಕಿಂಗ್‌ಸ್ಟನ್ನಿನ ಕಾಕ್ಸನ್ ಡಾಡ್ ಅಲ್ಲ), ಇನ್ನೂ ಶಾಲಾ ಬಾಲಕಿಯಾಗಿದ್ದ ಲೂಯಿಸಾ ಮಾರ್ಕ್ ಅವರಿಂದ ಒಂದು ಅಮೆರಿಕನ್ ಸೋಲ್ ಹಾಡನ್ನು ರೆಗೆ ನಡೆಯಲ್ಲಿ ಹಾಡಿಸಿದರು. ‘ಲವರ್ಸ್ ರಾಕ್’ ಎಂಬ ಪೂರ್ತಿ ಲಂಡನ್ನಿನದೇ ಆದ ಪ್ರಕಾರ ಅಲ್ಲಿಂದ ಹೊರಟಿತು. ಉತ್ತರ ಲಂಡನ್ನಿನ ಜಾಜಿ ಬಿ ‘ಜಾ ರಿಕೊ’ ಎಂಬ ರೆಗೆ ಸೌಂಡನ್ನು ‘ಸೋಲ್ ಟು ಸೋಲ್’ ಎಂದು ಮರುನಾಮಕರಣ ಮಾಡಿ, ಕಾವೆಂಟ್ ಗಾರ್ಡನ್ನಿನ ಆಫ್ರಿಕಾ ಸೆಂಟರ್‌ನಲ್ಲಿ ಭಾನುವಾರದ ರಾತ್ರಿಗಳನ್ನು ನಡೆಸಿದರು. 1989ರಲ್ಲಿ ಆ ಸೌಂಡ್ ಸಿಸ್ಟಮ್ಮಿನ ಹಾಡೇ ಬ್ರಿಟನ್ನಿನ ಮೊದಲ ಸ್ಥಾನಕ್ಕೇರಿತು, ಮರುವರ್ಷ ಆ ತಂಡದ ಎರಡು ಹಾಡುಗಳಿಗೆ ಒಂದೊಂದು ಗ್ರ್ಯಾಮಿ ಪ್ರಶಸ್ತಿ ಬಂತು. ಆ ಹಾಡುಗಳಲ್ಲಿ ತಂತಿವಾದ್ಯಗಳ ಸೋಲ್ ನಯವೂ ರೆಗೆಯ ಬೇಸಿನ ಬಿಡುವೂ ಒಂದೇ ಉಸಿರಿನಲ್ಲಿವೆ. ಸ್ಟುಡಿಯೊದಲ್ಲಿ ಕುಳಿತು ಯೋಚಿಸಿ ಬರುವ ಮಿಶ್ರಣ ಅದಲ್ಲ, ವಾರವಾರವೂ ಜನ ಯಾವುದಕ್ಕೆ ಕುಣಿದರು, ಯಾವುದಕ್ಕೆ ನಿಂತರು ಎಂದು ನೋಡುತ್ತ ತಿಳಿದದ್ದು.

ಜನ ತೀರ್ಪು ಕೊಡುವ ಈ ಬಗೆ ಅತ್ಯಂತ ಬಿಚ್ಚಾಗಿ ಕಾಣುವುದು ‘ಕ್ಲಾಷ್’ನಲ್ಲಿ. ಕರಾವಳಿಯ ಜೋಡಾಟದಲ್ಲಿ ಎರಡು ಮೇಳಗಳು ಎದುರುಬದುರಾಗಿ ಇಡೀ ರಾತ್ರಿ ಸೆಣಸುವಂತೆ ಎರಡು ಸೌಂಡುಗಳು ಒಂದೇ ಅಂಗಳದಲ್ಲಿ ಸರದಿಯ ಮೇಲೆ ನುಡಿಸುತ್ತವೆ. ಹಾಡು ಹಿಡಿಸಿದರೆ ಜನ ಕೂಗಿ, ಗೋಡೆ ಗುದ್ದಿ ನಿಲ್ಲಿಸುತ್ತಾರೆ. ಸೆಲೆಕ್ಟರ್ ಮುಳ್ಳೆತ್ತಿ ಅದನ್ನೇ ಮೊದಲಿನಿಂದ ಹಾಕಬೇಕು. ಮೆಚ್ಚಿದ ಹಾಡನ್ನು ಅರ್ಧದಲ್ಲೇ ತಡೆಯುವುದು ಇಲ್ಲಿ ಅತ್ಯುನ್ನತ ಗೌರವ. ಎದುರಾಳಿಯನ್ನು ಮುಗಿಸಲು ಇರುವ ಅಸ್ತ್ರ ಡಬ್‌ಪ್ಲೇಟ್: ಪ್ರಸಿದ್ಧ ಗಾಯಕರಿಗೆ ಹಣ ಕೊಟ್ಟು ಅವರ ಹಾಡಿನಲ್ಲೇ ತಮ್ಮ ಸೌಂಡಿನ ಹೆಸರನ್ನು ಸೇರಿಸಿ ಹಾಡಿಸಿ, ಅಲ್ಯೂಮಿನಿಯಂ ಹಾಳೆಗೆ ಮೆತುವಾದ ಅರಗು ಬಳಿದ ತಟ್ಟೆಯ ಮೇಲೆ ಕೊರೆಸಿದ ಏಕೈಕ ಪ್ರತಿ. ಅದರ ಗೆರೆ ಬೇಗ ಸವೆಯುತ್ತದೆ, ಪ್ರತಿ ಸಲ ಮುಳ್ಳು ಇಟ್ಟಾಗಲೂ ಸ್ವಲ್ಪ ಸಾಯುತ್ತದೆ. ಹಾಗಾಗಿ ಅದನ್ನು ಯಾವ ರಾತ್ರಿ, ಯಾವ ಗಳಿಗೆಯಲ್ಲಿ ಹೊರತೆಗೆಯಬೇಕೆಂಬುದೇ ಸೆಲೆಕ್ಟರ್‌ನ ವಿದ್ಯೆ.

ಈಗಲೂ ಆಗಸ್ಟ್ ಕೊನೆಯ ಸೋಮವಾರ ಮತ್ತು ಅದರ ಹಿಂದಿನ ಭಾನುವಾರ ನಾಟಿಂಗ್ ಹಿಲ್ಲಿನ ಬೀದಿಗಳಲ್ಲಿ ಮೂವತ್ತಕ್ಕೂ ಹೆಚ್ಚು ಸೌಂಡುಗಳು ತಮ್ಮ ತಮ್ಮ ಮೂಲೆಯಲ್ಲಿ ಪೆಟ್ಟಿಗೆ ಪೇರಿಸುತ್ತವೆ. ಒಂದು ಬೀದಿಯ ಬೇಸ್ ಮುಗಿಯುವ ಮೊದಲೇ ಇನ್ನೊಂದರದು ಆರಂಭವಾಗುತ್ತದೆ. 2017ರ ಜೂನ್ 14ರಂದು ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದ ಗ್ರೆನ್‌ಫೆಲ್ ಟವರ್ ಎಂಬ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು 72 ಮಂದಿ ಸತ್ತರು. ಈಗ ಕಾರ್ನಿವಲ್ಲಿನ ಮಧ್ಯಾಹ್ನ ಮೂರು ಗಂಟೆಗೆ ಎಲ್ಲ ಆಪರೇಟರುಗಳೂ ಸದ್ದನ್ನು ಇಳಿಸುತ್ತಾರೆ, ಆ ಬೀದಿಗಳಲ್ಲಿ 72 ಸೆಕೆಂಡು ಮೌನವಿರುತ್ತದೆ. ಆಮೇಲೆ ಸೆಲೆಕ್ಟರುಗಳು ಒಬ್ಬೊಬ್ಬರಾಗಿ ಮುಳ್ಳನ್ನು ಮತ್ತೆ ರೆಕಾರ್ಡಿನ ಮೇಲೆ ಇಡುತ್ತಾರೆ.